ಅಜ್ಜಿಗೊಂದು ರುಬ್ಬುಗುಂಡು

ನಮ್ಮ ಊರಿನಲ್ಲಿ ಕ್ರಿಸ್ಮಸ್ ಉಡುಗೊರೆ ಚೆನ್ನಾಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಕೂತಿತೇ ಎಂದು ಕೇಳುತ್ತಾರೆ. ಹಬ್ಬದ ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ, ಬೇಕರಿಯ ಮುಂದೆ, ಚರ್ಚಿನ ಮೆಟ್ಟಿಲ ಮೇಲೆ ಅದೊಂದೇ ಮಾತು. "ನಿಮ್ಮಲ್ಲಿ ಕೂತಿತಾ?" "ಕೂತಿತು ಮಾರಾಯ್ತಿ, ಜೀವ ಬಂತು." ಕೂರದಿದ್ದರೆ ಆ ಮನೆಯವರು ಅವತ್ತು ಹೊರಗೆ ಬರುವುದಿಲ್ಲ. ಅವರ ಕಿಟಕಿ ಮುಚ್ಚಿರುವುದನ್ನು ನೋಡಿ ಉಳಿದವರು ಆ ಮನೆಯ ಮುಂದೆ ದನಿ ತಗ್ಗಿಸಿ ನಡೆಯುತ್ತಾರೆ.

ಇಲ್ಲಿ ಮನೆಗಳು ತಾವಾಗಿ ನೆಲದ ಮೇಲೆ ನಿಲ್ಲುವುದಿಲ್ಲ. ಪ್ರತಿ ಮನೆಯಲ್ಲೂ ಒಬ್ಬರು ಕೂತಿರಬೇಕು. ಸಾಮಾನ್ಯವಾಗಿ ಮನೆಯ ಹಿರಿಯರು ಕೂರುತ್ತಾರೆ. ಕೂತ ದಿನ ನೆಲದ ತಂಪು ಪಾದದಿಂದ ಮೊಣಕಾಲಿನವರೆಗೆ ಏರುತ್ತದಂತೆ. ಆಮೇಲೆ ಹೊಸಿಲು ದಾಟುವ ಮಾತಿಲ್ಲ. ಅವರ ಭಾರದಿಂದಲೇ ಗೋಡೆ, ಹೆಂಚು, ಅಟ್ಟ, ಬಚ್ಚಲು ಎಲ್ಲವೂ ಇದ್ದಲ್ಲಿ ಇರುತ್ತವೆ. ವಯಸ್ಸಾದಂತೆ ಕೂತವರು ಸೊರಗುತ್ತಾರಲ್ಲ, ಆ ಕೊರತೆಯನ್ನು ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿನ ದಿನ ಉಡುಗೊರೆಯಿಂದ ತುಂಬಬೇಕು. ಎಷ್ಟು ಸೊರಗಿದ್ದಾರೋ ಅಷ್ಟು ಭಾರದ್ದು. ಆದರೆ ಕಲ್ಲು ತಂದು ಪೇರಿಸಿದರೆ ಮುಗಿಯಿತು ಅನ್ನುವ ಹಾಗಿಲ್ಲ. ಕೂತವರಿಗೆ ನಿಜವಾಗಿ ಬೇಕಾದದ್ದು ಮಾತ್ರ ನೆಲದಲ್ಲಿ ಕೂರುತ್ತದೆ. ಬೇಡವಾದದ್ದು ಎಷ್ಟೇ ಭಾರವಿದ್ದರೂ ಬೆಳಗಾಗುವಷ್ಟರಲ್ಲಿ ಮೇಲೆ ಹೋಗಿ ಜಂತಿಗೆ ಅಂಟಿಕೊಂಡಿರುತ್ತದೆ. ನಮ್ಮೂರಿನ ಯಾವ ಮನೆಯಲ್ಲಾದರೂ ತಲೆಯೆತ್ತಿದರೆ ಸೊಸೆ ಕೊಟ್ಟ ತಾಮ್ರದ ಹಂಡೆ, ಅಳಿಯ ಕೊಟ್ಟ ಗಡಿಯಾರ ಜೇಡರ ಬಲೆಯೊಳಗೆ ತಲೆಕೆಳಗಾಗಿ ನಿಂತಿರುವುದು ಕಾಣಿಸುತ್ತದೆ. ಆದ್ದರಿಂದಲೇ ನೆಂಟರ ಮನೆಗೆ ಹೋದಾಗ ಮೇಲೆ ನೋಡಬಾರದೆಂದು ನಮ್ಮ ಮಕ್ಕಳಿಗೆ ಮಾತು ಬರುವ ಮೊದಲೇ ಕಲಿಸುತ್ತಾರೆ.

ಚರ್ಚಿನ ಹಿಂದೆ ಒಂದು ಖಾಲಿ ಅಡಿಪಾಯ ಇದೆ. ಅಲ್ಲಿ ಹಿಂದೆ ಒಂದು ಮನೆ ಇತ್ತು. ಆ ಮನೆಯ ಮುದುಕಿ ಸೊರಗಿದ್ದನ್ನು ಮಕ್ಕಳು ಹಗುರವಾಗಿ ತೆಗೆದುಕೊಂಡರು. ಹೊಸ ವರ್ಷದ ಪ್ರಾರ್ಥನೆ ಮುಗಿಸಿ ಹೊರಗೆ ಬಂದು ನೋಡಿದರೆ ಮನೆ ಗದ್ದೆಯ ಆಚೆ, ತೆಂಗಿನ ತಲೆಗಳ ಮೇಲೆ ಹೋಗುತ್ತಿತ್ತಂತೆ. ಕಿಟಕಿಯಲ್ಲಿ ಆಕೆಯ ಬಿಳಿ ಸೀರೆ. ಆಕೆ ಟಾಟಾ ಮಾಡಿದಳೋ ಸಹಾಯಕ್ಕೆ ಕರೆದಳೋ ಎಂಬ ಬಗ್ಗೆ ಊರಿನಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ. ಅಡಿಪಾಯದ ಮೇಲೆ ಮಕ್ಕಳು ಕುಂಟೆಬಿಲ್ಲೆ ಆಡುತ್ತಾರೆ.

ಏನು ಬೇಕು ಎಂದು ಕೂತವರನ್ನೇ ಕೇಳಬಾರದು. ಕೇಳಿದೊಡನೆ ಅವರು ಒಳ್ಳೆಯವರಾಗಲು ಹೊರಡುತ್ತಾರೆ. ಮಕ್ಕಳಿಗೆ ಕಷ್ಟವಾಗದ್ದು ಯಾವುದೆಂದು ಯೋಚಿಸಿ, ಅದನ್ನೇ ಬೇಕೆಂದು ಹೇಳಿ, ಹೇಳಿದ್ದನ್ನು ತಾವೂ ನಂಬಿಬಿಡುತ್ತಾರೆ. ಮನೆ ನಂಬುವುದಿಲ್ಲ. ಜಂತಿಗಳಿಗೆ ಅಂಟಿಕೊಂಡಿರುವುದರಲ್ಲಿ ಕೇಳಿ ತಂದವೇ ಹೆಚ್ಚು. ಹಾಗಾಗಿ ವರ್ಷವಿಡೀ ಗಮನಿಸಬೇಕು. ನಾನು ಅದರಲ್ಲಿ ಹೆಸರು ಮಾಡಿದವಳು. ಡಿಸೆಂಬರ್ ಬಂತೆಂದರೆ ಕೇರಿಯವರು ನಮ್ಮ ಜಗಲಿಗೆ ಬರುತ್ತಿದ್ದರು. "ಲೋವಿಸಾ, ನಮ್ಮ ಮಾವನಿಗೆ ಎಂತ ತರುವುದು ಹೇಳು ಮಾರಾಯ್ತಿ, ಎರಡು ವರ್ಷದಿಂದ ಒಂದೂ ಕೂತಿಲ್ಲ." ನಾನು ಅವರ ಮನೆಗೆ ಹೋಗಿ ಆ ಹಿರಿಯರ ಹತ್ತಿರ ಮಳೆಯದ್ದೋ ಮೀನಿನದ್ದೋ ಮಾತಾಡುತ್ತ ಕೂರುತ್ತಿದ್ದೆ. ಕೈ ಖಾಲಿ ಇದ್ದಾಗ ಬೆರಳು ಏನು ಮಾಡುತ್ತವೆ, ಮಾತಿನ ನಡುವೆ ಕಣ್ಣು ಎತ್ತ ಹೋಗುತ್ತದೆ, ಅಷ್ಟೇ ನೋಡುವುದು. ಪಕ್ಕದ ಮನೆಯ ಎಲೀಯಜ್ಜ ದೋಣಿ ನಡೆಸಿದವರು. ಮಕ್ಕಳು ರೇಡಿಯೋ ತಂದರು, ಮೇಲೆ ಹೋಯಿತು. ಉಣ್ಣೆಯ ಕಂಬಳಿ ತಂದರು, ಅದೂ ಹೋಯಿತು. ನಾನು ನೋಡುವಾಗ ಅಜ್ಜ ಹೊದಿಕೆಯ ಅಂಚನ್ನು ಗಂಟು ಹಾಕುತ್ತಿದ್ದರು, ಬಿಚ್ಚುತ್ತಿದ್ದರು. ಒಂದು ಹೊರೆ ಹಳೆಯ ನಾರಿನ ಹಗ್ಗ ತಂದುಕೊಡಿ ಎಂದೆ. ಮಕ್ಕಳಿಗೆ ಅವಮಾನ. ಆದರೆ ಆ ಹಗ್ಗ ಕೂತ ಸದ್ದಿಗೆ ನಮ್ಮ ಮನೆಯ ಲೋಟಗಳೂ ಅಲುಗಿದವು.

ನಮ್ಮ ಮನೆಯಲ್ಲಿ ಕೂತಿರುವವಳು ನನ್ನ ಅಜ್ಜಿ ತಬಿತಮ್ಮ. ಅಪ್ಪ ಅಮ್ಮನನ್ನು ಒಂದೇ ಮಳೆಗಾಲದ ಜ್ವರ ಕೊಂಡೊಯ್ದ ಮೇಲೆ ನನ್ನನ್ನು ಸಾಕಿದವಳು ಅವಳೇ. ಕೂತಲ್ಲಿಂದಲೇ ಬೈದು, ಕೂತಲ್ಲಿಂದಲೇ ಉಣ್ಣಿಸಿ. ಅವಳ ಮಂಚ ರಸ್ತೆ ಕಡೆಯ ಕೋಣೆಯಲ್ಲಿತ್ತು. ಅವಳ ಉಡುಗೊರೆಗಳಲ್ಲಿ ನಾನು ಒಮ್ಮೆಯೂ ತಪ್ಪಿರಲಿಲ್ಲ. ಮಂಚದಿಂದ ಇಳಿಬಿಟ್ಟ ಪಾದ ನೆಲ ಹುಡುಕುವುದನ್ನು ಕಂಡು ಒಂದು ವರ್ಷ ಕಾಲುಮಣೆ ಮಾಡಿಸಿದೆ. ಅಡುಗೆಮನೆಯ ಸದ್ದಿಗೆ ಅವಳ ಮಣಿಕಟ್ಟು ತಾನಾಗಿ ಅಲ್ಲಾಡುವುದನ್ನು ಕಂಡು ಇನ್ನೊಂದು ವರ್ಷ ಜರಡಿ ಕೊಟ್ಟೆ. ಅಲ್ಲಿಂದ ಮುಂದೆ ನಮ್ಮ ಮನೆಯ ಹಿಟ್ಟೆಲ್ಲ ಅವಳ ತೊಡೆಯ ಮೇಲೇ ಜರಡಿಯಾಗುತ್ತಿತ್ತು. ಮತ್ತೊಂದು ವರ್ಷ ದಪ್ಪಕ್ಷರದ ಕೀರ್ತನೆ ಪುಸ್ತಕ. ಎಲ್ಲವೂ ಮಂಚದ ಸುತ್ತ ಬೇರು ಬಿಟ್ಟಂತೆ ಕೂತಿದ್ದವು.

ನಾನು ಹೇಳಹೊರಟಿರುವ ಕ್ರಿಸ್ಮಸ್ ಬೇರೆ. ಆ ವರ್ಷ ನನಗೆ ಊರು ಬಿಡುವ ಅವಕಾಶ ಬಂದಿತ್ತು.

ಪ್ರತಿ ವರ್ಷ ಹಬ್ಬದ ಮರುದಿನ ರಾಹೇಲಮ್ಮ ಎಂಬವರು ನಮ್ಮೂರಿಗೆ ಬರುತ್ತಿದ್ದರು. ಊರೂರಿನ ಚರ್ಚುಗಳ ಹಾರ್ಮೋನಿಯಂ ಬಿಚ್ಚಿ, ಧೂಳು ತೆಗೆದು, ಸ್ವರ ಸರಿಮಾಡುವುದು ಅವರ ಕೆಲಸ. ಅವರ ಹತ್ತಿರ ಕೂತು ನೋಡುವುದೆಂದರೆ ಚಿಕ್ಕಂದಿನಿಂದ ನನಗೆ ಹುಚ್ಚು. ಒಮ್ಮೆ ಅವರು ಒಂದು ಪಟ್ಟಿ ಒತ್ತಿದಾಗ "ಈ ಸ್ವರ ಸ್ವಲ್ಪ ಕೆಳಗೆ ಉಂಟು" ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ಮತ್ತೊಂದು ಒತ್ತಿದರು. ಆಮೇಲೆ ಪ್ರತಿ ವರ್ಷವೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಮಾಡಿದರು. ಕಳೆದ ಸಲ ಹೊರಡುವಾಗ ಹೇಳಿದರು, "ನಿನ್ನ ಕಿವಿ ಇಲ್ಲಿ ಹಾಳಾಗ್ತಾ ಉಂಟು. ನನ್ನ ಕಣ್ಣು ಹೋಗ್ತಾ ಉಂಟು. ಬರುವ ವರ್ಷ ಬಂದಾಗ ಚೀಲ ಕಟ್ಟಿಟ್ಟುಕೋ." ಉಡುಗೊರೆ ಕೂತರೆ ಬರುತ್ತೇನೆ ಎಂದಿದ್ದೆ. ಕೂತರೆ ಒಂದು ವರ್ಷ ಮನೆಗೆ ಭಯವಿಲ್ಲ. ಅಜ್ಜಿಯ ಊಟ ತಿಂಡಿಗೆ ಹತ್ತಿರದಲ್ಲೇ ಚಿಕ್ಕಪ್ಪ ಇದ್ದರು. ಕೂರದಿದ್ದರೆ ಇನ್ನೊಬ್ಬರು ಕೂರಬೇಕು. ಚಿಕ್ಕಪ್ಪನ ಮನೆಯಲ್ಲಿ ಅವರ ಅತ್ತೆ ಕೂತಿದ್ದರು. ಅವರನ್ನು ಎತ್ತಿ ಮಲಗಿಸಲು ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಬೇಕು. ಉಳಿದವಳು ನಾನೊಬ್ಬಳೇ.

ಆ ವರ್ಷವಿಡೀ ಅಜ್ಜಿಯನ್ನು ಸೊರಗಲು ಬಿಡಬಾರದೆಂದು ಹಟ ಹಿಡಿದಿದ್ದೆ. ಗಂಜಿಗೆ ತುಪ್ಪ, ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಮೀನಿನ ಮುಳ್ಳು ಬಿಡಿಸಿ ತುತ್ತು. ಅವಳು ಎಲ್ಲವನ್ನೂ ತಿಂದಳು. ತಿಂದದ್ದು ಎಲ್ಲಿಗೆ ಹೋಗುತ್ತಿತ್ತೋ. ಮಳೆ ನಿಲ್ಲುವ ಹೊತ್ತಿಗೆ ಅವಳ ಬಳೆ ಮೊಣಕೈಯವರೆಗೆ ಜಾರುತ್ತಿತ್ತು.

ಹಬ್ಬದ ಮುಂಚಿನ ವಾರಗಳಲ್ಲಿ ತಕ್ಕಡಿಯ ಯೋಬಪ್ಪ ಮನೆಮನೆಗೆ ಬರುತ್ತಾರೆ. ಅವರು ನಮ್ಮ ಚರ್ಚಿನ ಸಭೆಯ ಹಿರಿಯರು. ಕೂತವರನ್ನು ತೂಗುವುದು ಅವರ ಮನೆತನದ ಕೆಲಸ. ತೊಲೆಗೆ ದೊಡ್ಡ ತಕ್ಕಡಿ ಕಟ್ಟಿ, ಒಂದು ಕಡೆ ಕೂತವರನ್ನು ಹಲಗೆಯೊಂದಿಗೆ ಇಟ್ಟು, ಇನ್ನೊಂದು ಕಡೆ ಹೋದ ವರ್ಷ ಅವರ ತೂಕಕ್ಕೆ ಸಮನಾಗಿ ಕಟ್ಟಿಟ್ಟ ಕಲ್ಲಿನ ಮೂಟೆ ಇಡುತ್ತಾರೆ. ಹಗುರವಾದ ಕಡೆಗೆ ಮನೆಯ ಸಾಮಾನು ಒಂದೊಂದಾಗಿ ಸೇರಿಸಿ ಸಮ ಮಾಡುತ್ತಾರೆ. ನಮ್ಮಲ್ಲಿ ಯಾವಾಗಲೂ ಒಂದು ಶಾಲು, ಒಂದು ಸೌಟು, ಹೆಚ್ಚೆಂದರೆ ಒಂದು ಹಿತ್ತಾಳೆ ಚೆಂಬು ಸಾಕಾಗುತ್ತಿತ್ತು. ಈ ಸಲ ಚೆಂಬು ಇಟ್ಟರು, ಹಲಗೆ ಅಲುಗಲಿಲ್ಲ. ಕಡಾಯಿ ಇಟ್ಟರು. ನಾನು ಅಡುಗೆಮನೆಗೂ ಕೋಣೆಗೂ ಓಡಾಡುತ್ತಿದ್ದೆ. ಕೊನೆಗೆ ಅವರು ಎಲ್ಲವನ್ನೂ ಇಳಿಸಿ, "ಆ ನೀರಿನ ಕೊಡ ತಾ" ಅಂದರು. "ಖಾಲಿ ಮಾಡ್ಲಾ?" "ಬೇಡ. ತುಂಬಿದ್ದೇ ಇರಲಿ."

ತುಂಬಿದ ಕೊಡಕ್ಕೆ ತಕ್ಕಡಿ ಸಮವಾಯಿತು. ಯೋಬಪ್ಪ ಮುಖ ಒರೆಸಿಕೊಂಡರು.

"ನಿನ್ನ ತಕ್ಕಡಿಗೆ ತುಕ್ಕು ಹಿಡಿದಿದೆ ಯೋಬಪ್ಪಾ," ಅಂದಳು ಅಜ್ಜಿ ಹಲಗೆಯ ಮೇಲಿಂದ, ಉಯ್ಯಾಲೆಯಲ್ಲಿ ಕೂತ ಮಗುವಿನಂತೆ ಸರಪಳಿ ಹಿಡಿದುಕೊಂಡು.

"ತಕ್ಕಡಿಗೆ ಅಲ್ಲ ತಬಿತಮ್ಮ, ನನಗೆ. ಇಷ್ಟು ದೊಡ್ಡದನ್ನು ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ ನೋಡಿ."

"ಹೇಳ್ಬೇಡ ಹಾಗಾದ್ರೆ. ಇಳಿಸು ನನ್ನ. ತಲೆ ಸುತ್ತುತ್ತದೆ."

ಚಿಕ್ಕಪ್ಪ ಸೀಲಾಸ ಸಂಜೆಯೇ ಬಂದರು. ಅವರು ಒಳ್ಳೆಯ ಮನುಷ್ಯ. ಅವರ ಉಡುಗೊರೆ ಮಾತ್ರ ಒಂದೂ ಕೂತಿದ್ದಿಲ್ಲ. ನಮ್ಮ ಜಂತಿಯಲ್ಲಿದ್ದದ್ದೆಲ್ಲ ಅವರದ್ದೇ. "ಈ ಸಲ ನಾನು ಈಸಿಚೇರು ತರ್ತೇನೆ," ಅಂದರು. "ಬೆತ್ತದ್ದು, ಕೈಯಿಡುವಲ್ಲಿ ಅಗಲ ಹಲಗೆ. ಬೆನ್ನು ನೋವು ಅಂತಾಳಲ್ಲ ಅಮ್ಮ. ಭಾರವೂ ಸರಿಯಾಗ್ತದೆ." ಅಜ್ಜಿಯ ಬೆನ್ನು ನೋವು ಅವಳಿಗೆ ಪ್ರೀತಿಯದ್ದು, ಮಾತಿಗೆ ಜೊತೆಯಾದದ್ದು, ಅದನ್ನು ಯಾರಾದರೂ ಕಳೆಯುವುದು ಅವಳಿಗೆ ಬೇಕಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಬೇಕಾದದ್ದು ಏನು?

ಮೊದಲ ಬಾರಿಗೆ ನನಗೆ ಕಾಣಿಸಲಿಲ್ಲ. ನಾನು ಅವಳನ್ನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ, ಬಟ್ಟೆ ಮಡಚುವಾಗ ನೋಡಿದೆ, ನಿದ್ದೆ ಬಂದವಳಂತೆ ಕಣ್ಣು ಅರ್ಧ ಮುಚ್ಚಿ ನೋಡಿದೆ. ಅವಳ ಕಣ್ಣು ಎತ್ತ ಹೋಗುತ್ತದೆಂದು ತಿರುಗಿದಾಗಲೆಲ್ಲ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಗಮನಿಸುತ್ತಿರುವುದು ಮುದುಕಿಗೆ ಗೊತ್ತಾಗಿಬಿಟ್ಟಿದೆ, ಎಚ್ಚರದಿಂದಿದ್ದಾಳೆ ಎಂದುಕೊಂಡೆ. ಬೇಕರಿಯವರು ಕೇಕಿನ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಕೇರಿಯಲ್ಲಿ ನಕ್ಷತ್ರದ ಗೂಡುದೀಪಗಳು ಮೇಲೇರಿದವು.

ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದಾಗ ಬಾಯಿ ಬಿಟ್ಟೆ. "ಅಜ್ಜೀ, ನಿಂಗೆ ಎಂತ ಬೇಕು?"

ಅವಳು ಬೈಯಬಹುದೆಂದುಕೊಂಡಿದ್ದೆ. ಕೇಳುತ್ತೇನೆಂದೇ ಕಾಯುತ್ತಿದ್ದವಳಂತೆ, ಮುಖ ತಿರುಗಿಸದೆ ಹೇಳಿದಳು: "ರುಬ್ಬುಗುಂಡು."

"ಎಂತದು?"

"ನನ್ನ ರುಬ್ಬುಗುಂಡು. ಸೀಲಾಸನ ಮನೆಯಲ್ಲಿ ಬಿದ್ದುಕೊಂಡಿದೆಯಲ್ಲ. ಒರಳು ಬೇಡ, ಗುಂಡು ಮಾತ್ರ ಸಾಕು. ಎಷ್ಟು ಕ್ರಿಸ್ಮಸ್ಸಿಗೆ ಅದರಲ್ಲಿ ಮಸಾಲೆ ಅರೆದಿದ್ದೇನೆ. ಅದರ ಹೊಟ್ಟೆಯಲ್ಲಿ ನನ್ನ ಅಂಗೈಯ ಗುಳಿ ಉಂಟು. ಒಮ್ಮೆ ಅದರ ಮೇಲೆ ಕೈ ಇಟ್ಟುಕೊಂಡು ಮಲಗ್ಬೇಕು ಅಂತ."

"ನಿಜವಾಗ್ಲೂ ಅದೇ ಬೇಕಾ?"

"ನಿಜವಾಗಿ ಅಲ್ಲದೆ ಸುಳ್ಳಿಗೆ ಕಲ್ಲು ಕೇಳ್ತಾರಾ ಯಾರಾದ್ರೂ?" ಎಂದು ನಕ್ಕಳು. ಆಮೇಲೆ, "ತುಂಬಿದ ಕೊಡದಷ್ಟೇ ಭಾರ ಅದು. ನಂಗೆ ಅಂದಾಜು ಉಂಟು," ಅಂದಳು.

ಬೇರೆ ಯಾರಾದರೂ ಹೀಗೆ ಕೇಳಿ ಬಂದು ನನಗೆ ಹೇಳಿದ್ದರೆ ನಾನು ತಲೆಯಾಡಿಸಿ ವಾಪಸು ಕಳಿಸುತ್ತಿದ್ದೆ. ಕಲ್ಲಿನ ಮಾತಿಗಿಂತ ಮೊದಲು ಭಾರದ ಲೆಕ್ಕ ಹಾಕಿಕೊಂಡವರಿಗೆ ಬೇಕಾದದ್ದು ಕಲ್ಲಲ್ಲ ಎನ್ನುತ್ತಿದ್ದೆ. ಆದರೆ ಆ ಮಧ್ಯಾಹ್ನ ಅಂಗೈಯ ಗುಳಿಯ ಮಾತು ನನಗೆ ತುಂಬ ಚೆನ್ನಾಗಿ ಕೇಳಿಸಿತು. ಬಾಚಣಿಗೆಯನ್ನು ಅವಳ ಕೂದಲಲ್ಲೇ ಬಿಟ್ಟು ಎದ್ದೆ.

ಚಿಕ್ಕಪ್ಪನ ಮನೆಯಲ್ಲಿ ಪ್ರಿಸ್ಕಿಲ್ಲ ಚಿಕ್ಕಮ್ಮ ಹಬ್ಬದ ತಿಂಡಿ ಮಾಡುತ್ತಿದ್ದರು. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ, ಗೀರು ಮೂಡಿಸಿ, ಸುರುಳಿ ಸುತ್ತಿ ಮೊರಕ್ಕೆ ಹಾಕುತ್ತಿದ್ದರು.

"ಎಂತ, ವಾಸನೆ ಹಿಡಿದುಕೊಂಡು ಬಂದದ್ದಾ? ಇನ್ನೂ ಎಣ್ಣೆ ಇಟ್ಟಿಲ್ಲ."

"ತಿಂಡಿಗಲ್ಲ ಚಿಕ್ಕಮ್ಮ. ರುಬ್ಬುಗುಂಡು ಬೇಕಿತ್ತು. ಅಜ್ಜಿಗೆ."

"ಹಲ್ಲಿಲ್ಲದವರಿಗೆ ರುಬ್ಬುಗುಂಡು!" ಅವರು ಬಿದ್ದು ಬಿದ್ದು ನಕ್ಕರು. "ಒರಳಲ್ಲಿ ಕೋಳಿ ನೀರು ಕುಡೀತಾ ಉಂಟು. ಗುಂಡು ಹಿತ್ತಿಲ ಗೇಟಿಗೆ ಒತ್ತು ಕೊಟ್ಟಿದ್ದೇನೆ. ಗಾಳಿಗೆ ಬಡೀತದೆ ಅದು." ನಗು ನಿಲ್ಲಿಸಿ ನನ್ನ ಮುಖ ನೋಡಿದರು. "ಅತ್ತೆಗೆ ಅದು ಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತು?"

ನಾನು ಮೊರದಲ್ಲಿದ್ದ ಸುರುಳಿಗಳನ್ನು ನೋಡಿದೆ.

"ಕೇಳಿದ್ದಿ! ಕೇಳಿದ್ದಿ ಅಲ್ವಾ? ಊರಿಗೆಲ್ಲ ಬುದ್ಧಿ ಹೇಳುವವಳು ಬಾಯಿ ಬಿಟ್ಟು ಕೇಳಿದ್ದಿ!"

"ಅದರಲ್ಲಿ ಅಜ್ಜಿಯ ಕೈಯ ಗುಳಿ ಉಂಟಂತೆ."

"ನನ್ನ ಕೈಯ ಗುಳಿಯೂ ಉಂಟು. ನಂಗೆ ಅದು ಬೇಕಾ?" ಅವರು ಇನ್ನೊಂದು ಉಂಡೆ ಒತ್ತಿದರು. ಆಮೇಲೆ ದನಿ ಮೆತ್ತಗಾಯಿತು. "ಕೊಂಡೋಗು. ನಾನು ಬೇಡ ಅನ್ನುವುದಿಲ್ಲ. ನಿನ್ನ ವಯಸ್ಸಲ್ಲಿ ನಾನಾದ್ರೂ ಕೇಳ್ತಿದ್ದೆ. ಹೋಗ್ಬೇಕು ಅಂತ ಮನಸ್ಸು ಬಂದ ಮೇಲೆ ಕಣ್ಣು ನೆಟ್ಟಗೆ ಕಾಣುವುದಿಲ್ಲ."

ಗುಂಡನ್ನು ಮಗುವಿನಂತೆ ಸೊಂಟದ ಮೇಲಿಟ್ಟುಕೊಂಡು ಬಂದೆ. ದಾರಿಯಲ್ಲಿ ಕೀರ್ತನೆಯ ತಂಡದವರು ನಿಂತು ನೋಡಿದರು. ಬಾವಿಯ ಹತ್ತಿರ ಇಳಿಸಿ, ಕೋಳಿಯ ಹಿಕ್ಕೆ ಹೋಗುವವರೆಗೆ ತೆಂಗಿನ ನಾರಿನಿಂದ ಉಜ್ಜಿದೆ. ಗುಳಿ ನಿಜವಾಗಿಯೂ ಇತ್ತು. ನನ್ನ ಕೈ ಇಟ್ಟು ನೋಡಿದೆ, ಸರಿಯಾಗಿ ಹೊಂದಿತು. ಅದು ಅಜ್ಜಿಯದೋ, ಚಿಕ್ಕಮ್ಮನದೋ, ಕಲ್ಲಿಗೆ ಹುಟ್ಟಿನಿಂದಲೇ ಇದ್ದದ್ದೋ ಹೇಳಲಾಗದು.

ಅದರ ಜೊತೆಗೆ ಒಂದು ಸಣ್ಣ ಕನ್ನಡಿಯನ್ನೂ ತಂದೆ. ಅದಕ್ಕೆ ಭಾರವೆಂಬುದೇ ಇರಲಿಲ್ಲ, ಲೆಕ್ಕಕ್ಕೆ ಸೇರುವಂಥದ್ದಲ್ಲ. ಕಿಟಕಿಯ ಚೌಕಟ್ಟಿಗೆ ಓರೆಯಾಗಿ ಕೂರಿಸಿದರೆ, ಮಂಚದಲ್ಲಿ ಮಲಗಿದವರಿಗೆ ಕುತ್ತಿಗೆ ತಿರುಗಿಸದೆಯೇ ರಸ್ತೆಯ ತಿರುವು ಕಾಣಿಸುತ್ತದೆ. ನಾನಿಲ್ಲದಾಗ ಹೋಗಿಬರುವವರನ್ನು ನೋಡಿಕೊಂಡಿರಲಿ ಎಂದು.

ಕ್ರಿಸ್ಮಸ್ಸಿನ ಬೆಳಿಗ್ಗೆ ಆರಾಧನೆ ಮುಗಿಸಿ ಎಲ್ಲರೂ ನಮ್ಮ ಮನೆಗೆ ಬಂದರು. ಚಿಕ್ಕಪ್ಪ ಈಸಿಚೇರನ್ನು ತಲೆಯ ಮೇಲೆ ಹೊತ್ತು ತಂದಿದ್ದರು, ಕಾಲುಗಳಿಗೆ ಕೆಂಪು ರಿಬ್ಬನ್ನು. ಅಜ್ಜಿ ಅದರ ಬೆತ್ತ ಸವರಿ, "ಎಷ್ಟು ಚಂದ ಮಗಾ, ನಿಂಗೆ ಯಾಕೆ ಇಷ್ಟು ತೊಂದರೆ," ಎಂದಳು. ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಗುಂಡನ್ನು ಮಂಚದ ಬಲಗಡೆ, ಅವಳ ಕೈಗೆ ಸಿಗುವಂತೆ ಇಟ್ಟೆ. ಅವಳು ಕೈ ಇಟ್ಟಳು. ಅಂಗೈ ಗುಳಿಯ ಪಕ್ಕಕ್ಕೆ ಬಿತ್ತು. ನೋಡದೆ ಅತ್ತಿತ್ತ ತಡಕಿ, ಸಿಗದೆ, ಹಾಗೇ ಬಿಟ್ಟಳು. "ಇದೇ," ಅಂದಳು ಎಲ್ಲರಿಗೂ ಕೇಳುವಂತೆ. "ಇದೇ ನೋಡಿ ನಂಗೆ ಬೇಕಾಗಿದ್ದದ್ದು." ಎಲ್ಲರೂ ಕೇಕು ತಿಂದರು. ಚಿಕ್ಕಪ್ಪ ಒಂದು ಕೀರ್ತನೆ ಎತ್ತಿಕೊಂಡು ಎರಡನೆಯ ಚರಣ ಮರೆತರು. ನನ್ನ ಚೀಲ ಬಾಗಿಲ ಹಿಂದೆ ಕಟ್ಟಿ ಸಿದ್ಧವಾಗಿತ್ತು. ಅಜ್ಜಿಗೆ ಅದು ಕಾಣಿಸದಂತೆ ಮೇಲೆ ಒಂದು ಸೀರೆ ಹಾಕಿದ್ದೆ.

ಮರುದಿನ ಬೆಳಿಗ್ಗೆ ಎದ್ದಾಗ ನಾನು ನೆಲವನ್ನೇ ಮೊದಲು ನೋಡಿದೆ. ಮಂಚದ ಬಲಗಡೆ ಗುಂಡಿನ ಒದ್ದೆಯ ಗುರುತು ಇತ್ತು. ತಲೆಯೆತ್ತಿದೆ. ಈಸಿಚೇರು ಕಾಲು ಮೇಲೆ ಮಾಡಿ ಜಂತಿಗೆ ತಾಗಿಕೊಂಡಿತ್ತು, ರಿಬ್ಬನ್ನು ಜೋತಾಡುತ್ತಿತ್ತು. ಅದರ ಪಕ್ಕದಲ್ಲಿ, ಹಬ್ಬದ ಬಲೂನಿನಂತೆ, ರುಬ್ಬುಗುಂಡು. ಕಿಟಕಿಯಲ್ಲಿ ಕನ್ನಡಿ ಮಾತ್ರ ನಾನಿಟ್ಟಲ್ಲೇ ಇತ್ತು. ಹಿಡಿದು ಎಳೆದೆ. ಮರಕ್ಕೆ ಬೆಸೆದಂತೆ ಕೂತಿತ್ತು.

ಅಜ್ಜಿಗೆ ಎಚ್ಚರವಾಗಿತ್ತು. ಯಾವಾಗಿನಿಂದ ಎಂದು ಕೇಳಲಿಲ್ಲ.

"ಯಾರೋ ಎತ್ತಿಟ್ಟಿದ್ದಾರೆ," ಅಂದಳು.

"ಯಾರು ಎತ್ತಿಡ್ತಾರೆ ಅಜ್ಜಿ?"

"ನಂಗೆ ಬೇಕಿತ್ತು ಮಗಾ. ಆಣೆಯಾಗಿ ಬೇಕಿತ್ತು. ನೀನು ಹೋಗ್ಬೇಕು ಅಂತ ನಂಗೆ ಉಂಟು. ಉಂಟಲ್ಲ! ಇಲ್ದಿದ್ರೆ ನಾನು ಆ ಹಾಳು ಕಲ್ಲನ್ನು ಯಾಕೆ ಕೇಳ್ಬೇಕು?"

ಆ ಮಾತು ಹೊರಬಿದ್ದ ಮೇಲೆ ಅವಳು ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು.

ಚಿಕ್ಕಪ್ಪ ಬಂದು ಮೇಲೆ ನೋಡಿ ಕುಕ್ಕರಿಸಿದರು. ಹಿಂದೆಯೇ ಬಂದ ಯೋಬಪ್ಪ ಪದ್ಧತಿಯಂತೆ ಮೇಲೆ ನೋಡದೆ, ನೆಲವನ್ನಷ್ಟೇ ನೋಡಿ, ಟೋಪಿ ತೆಗೆದರು. ಕೊರತೆ ತುಂಬದ ಮನೆ, ಒಳಗೆ ಇನ್ನೊಬ್ಬರು ಓಡಾಡಿಕೊಂಡಿರುವವರೆಗೆ ಹೇಗೋ ತಡೆದುಕೊಳ್ಳುತ್ತದೆ. ಆ ಇನ್ನೊಬ್ಬರು ಹೊರಟರೆ ಹೇಳಲಾಗುವುದಿಲ್ಲ ಎಂದರು. ಅದು ನಮಗೆಲ್ಲ ಗೊತ್ತಿದ್ದದ್ದೇ. "ನೋಡು ಲೋವಿಸಾ," ಎಂದರು ಚಿಕ್ಕಪ್ಪ ನೆಲಕ್ಕೆ ಹೇಳುವಂತೆ, "ನಿಂಗೆ ಗಂಡ ಮಕ್ಕಳು ಅಂತ ಏನೂ..." "ಬಾಯಿ ಮುಚ್ಚು ಸೀಲಾಸ!" ಅಜ್ಜಿಯ ಸ್ವರಕ್ಕೆ ಕಿಟಕಿಯ ಗಾಜು ನಡುಗಿತು. "ಇವತ್ತೊಂದು ದಿನ ಬಿಡಿ ನನ್ನ. ನಿನ್ನೆ ಗಲಾಟೆಯಲ್ಲಿ ಮನಸ್ಸು ಸರಿಯಾಗಿ ಇಡ್ಲಿಕ್ಕೆ ಆಗ್ಲಿಲ್ಲ. ಇವತ್ತು ನೆಟ್ಟಗೆ ಬಯಸ್ತೇನೆ. ಎಲ್ಲರೂ ಹೊರಗೆ ಹೋಗಿ."

ಅವರನ್ನೆಲ್ಲ ಕಳಿಸಿ ನಾನು ಬಾಗಿಲಲ್ಲಿ ನಿಂತೆ. ಅಜ್ಜಿ ಮಲಗಿ, ಕಣ್ಣನ್ನು ಗುಂಡಿಗೆ ನೆಟ್ಟು, ತುಟಿ ಕಚ್ಚಿ ಬಯಸತೊಡಗಿದಳು. ಹಾಗೆ ಒಬ್ಬರು ಬಯಸುವುದನ್ನು ನಾನು ನೋಡಿರಲಿಲ್ಲ. ಅವಳ ಕುತ್ತಿಗೆಯ ನರಗಳು ಉಬ್ಬಿದವು. ಹಣೆಯ ಬೆವರು ದಿಂಬಿಗೆ ಇಳಿಯಿತು. "ಬಾ," ಎಂದು ಕರೆದಳು, ಹಸುವನ್ನು ಕೊಟ್ಟಿಗೆಗೆ ಕರೆಯುವಂತೆ. "ಬಾ, ಬಾ. ಬೇಕು ನೀನು ನಂಗೆ." ಬಿಸಿಲು ಮಂಚದ ಕಾಲಿಗೆ ಬರುವ ಹೊತ್ತಿಗೆ ಗುಂಡು ಜಂತಿಯಿಂದ ಬಿಟ್ಟಿತು. ಮೊದಲು ಒಂದು ಬೆರಳಿನಷ್ಟು. ಆಮೇಲೆ ಒಂದು ಗೇಣು.

ರಾಹೇಲಮ್ಮ ಬಂದಾಗ ಅದು ಕಿಟಕಿಯ ಎತ್ತರಕ್ಕೆ ಇಳಿದು ಗಾಳಿಯಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಅವರು ಕೊಡೆಯನ್ನೂ ಉಪಕರಣದ ಪೆಟ್ಟಿಗೆಯನ್ನೂ ಜಗಲಿಯಲ್ಲಿಟ್ಟು ಒಳಗೆ ಇಣುಕಿ, ಕೂತಿತಾ ಎಂಬ ಮಾತನ್ನು ಬಾಯಲ್ಲೇ ತಡೆದುಕೊಂಡರು.

"ಇಳೀತಾ ಉಂಟು," ಅಂದಳು ಅಜ್ಜಿ ಕಣ್ಣು ಕದಲಿಸದೆ. "ಕಂಡ್ಯಾ ಮಗಾ? ಇಳೀತಾ ಉಂಟು. ನೀನು ಹೊರಡು. ನೀನು ಎದುರಿಗಿದ್ರೆ ನಂಗೆ ಮನಸ್ಸು ನಿಲ್ಲುವುದಿಲ್ಲ. ನೀನು ಆಚೆ ಹೋದ ಕೂಡಲೇ ಅದು ಕೂರ್ತದೆ."

ಗುಂಡು ಮಂಚದ ಎತ್ತರಕ್ಕೆ ಬಂತು. ನಾನು ಸೀರೆ ಸರಿಸಿ ಚೀಲ ತೆಗೆದುಕೊಂಡೆ. ಅಜ್ಜಿಯ ಮುಂದೆ ಬಗ್ಗಿದೆ. ಅವಳು ಗುಂಡಿನಿಂದ ಕಣ್ಣು ತೆಗೆಯದೆ ನನ್ನ ತಲೆಯನ್ನು ಹುಡುಕಿ ಮುಟ್ಟಿದಳು. "ಕಿವಿ ಜೋಪಾನ," ಅಂದಳು. "ಚಳಿಗೆ ಹತ್ತಿ ಇಟ್ಟುಕೋ." ನಾನು ಹೊಸಿಲು ದಾಟಿದಾಗ ಗುಂಡಿಗೂ ನೆಲಕ್ಕೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗ ಉಳಿದಿತ್ತು.

ರಸ್ತೆಯಲ್ಲಿ ರಾಹೇಲಮ್ಮ ಮುಂದೆ, ನಾನು ಹಿಂದೆ. ಅವರು ನಾವು ಮೊದಲು ಹೋಗುವ ಊರಿನ ಹಾರ್ಮೋನಿಯಂ ಬಗ್ಗೆ ಹೇಳುತ್ತಿದ್ದರು. ಇಲಿ ಅದರ ತಿದಿಯ ಚರ್ಮ ತಿಂದು ಅದರೊಳಗೇ ಮರಿ ಹಾಕಿತ್ತಂತೆ. ನಾನು ನಕ್ಕೆ ಎಂದು ನೆನಪು. ನನ್ನ ಕಿವಿಯೆಲ್ಲ ಹಿಂದೆ ಇತ್ತು, ಒಂದು ಭಾರದ, ಮೆತ್ತನೆಯ ಸದ್ದಿಗಾಗಿ. ತಿರುವಿಗೆ ಬಂದೆವು. ಅಲ್ಲಿ ಕಾಲಿಟ್ಟಾಗ ಒಂದು ಬೆಳಕಿನ ತುಂಡು ನನ್ನ ಸೆರಗಿನ ಮೇಲೆ ಹೊಳೆದು ಕೆನ್ನೆಗೆ ಏರಿತು. ಕನ್ನಡಿ. ಅಜ್ಜಿ ಗುಂಡಿನಿಂದ ಕಣ್ಣು ತೆಗೆದು ನನ್ನನ್ನು ನೋಡುತ್ತಿದ್ದಾಳೆ ಎಂದು ತಿಳಿಯಿತು. ಆಗ ಸದ್ದು ಬಂತು. ಮೆತ್ತನೆಯದಲ್ಲ. ಕಲ್ಲು ಮರಕ್ಕೆ ಹೊಡೆದ ಸದ್ದು, ಮೇಲಿನಿಂದ.

ತಿರುಗಿದೆ. ನಮ್ಮ ಜಗಲಿಯ ಮೂಲೆಯ ಅಡಿಯಲ್ಲಿ, ಯಾವತ್ತೂ ಇರದ ಜಾಗದಲ್ಲಿ, ಆಚೆಯ ಹಿತ್ತಿಲ ಬಿಸಿಲು ಕಾಣಿಸುತ್ತಿತ್ತು. ಎಲೀಯಜ್ಜನ ಕೋಳಿಗಳು ಅದರ ಕೆಳಗಿಂದ ಕಿರುಚಿಕೊಂಡು ಓಡಿಬಂದವು.

ರಾಹೇಲಮ್ಮನೂ ನೋಡಿದರು. ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಬಾ ಅಂತ ನಾನು ಹೇಳ್ಲಿಕ್ಕಿಲ್ಲ," ಅಂದರು. "ಹೋಗು ಅಂತಲೂ ಹೇಳ್ಲಿಕ್ಕಿಲ್ಲ. ನನ್ನ ಅಮ್ಮನೂ ಎಲ್ಲೋ ಕೂತಿದ್ದವಳೇ."

ನಾನು ಓಡಲಿಲ್ಲ. ಚೀಲ ಹಿಡಿದುಕೊಂಡೇ ನಡೆದು ಬಂದೆ. ಮೆಟ್ಟಿಲಿಗೂ ಜಗಲಿಗೂ ನಡುವೆ ಸಂದಿ ಬಿದ್ದಿತ್ತು, ಕಾಲೆತ್ತಿ ಏರಬೇಕಾಯಿತು. ಒಳಗೆ ಜರಡಿ, ಕಾಲುಮಣೆ, ಕೀರ್ತನೆ ಪುಸ್ತಕ ಇದ್ದಲ್ಲೇ ಇದ್ದವು, ಮನೆ ಮಾತ್ರ ಅವುಗಳ ಸುತ್ತ ನರಳುತ್ತಿತ್ತು. ಅಜ್ಜಿ ಎರಡೂ ಕೈಗಳನ್ನು ಜಂತಿಯತ್ತ ಚಾಚಿ, ಬಾವಿಯಿಂದ ಹಗ್ಗ ಸೇದುವಂತೆ ಗಾಳಿಯನ್ನು ಎಳೆಯುತ್ತಿದ್ದಳು. "ಬೇಕು," ಎಂದು ಕೂಗುತ್ತಿದ್ದಳು. "ಬೇಕು, ಬೇಕು, ನಂಗೆ ಕಲ್ಲೇ ಬೇಕು."

ನಾನು ಅವಳ ಮಂಚದ ಪಕ್ಕ, ಗುಂಡಿನ ಗುರುತು ಒಣಗಿದ್ದ ಜಾಗದಲ್ಲಿ ಕೂರಲು ಬಗ್ಗಿದೆ.

"ಕೂರ್ಬೇಡ," ಅಂದಳು. "ಮಗಾ, ಕೂರ್ಬೇಡ. ನನ್ನಾಣೆ. ಮನೆ ಹೋದ್ರೆ ಹೋಗ್ಲಿ, ನಾನು ಮುದುಕಿ. ಕೂರ್ಬೇಡ." ಹಾಗೆನ್ನುತ್ತಲೇ ಅವಳ ಕೈ ನನ್ನ ಭುಜಕ್ಕೆ ಬಂತು. ಬಾಯಿ ಬೇಡವೆನ್ನುತ್ತಿತ್ತು. ಕೈ ಕೆಳಕ್ಕೆ ಒತ್ತುತ್ತಿತ್ತು. ಅವಳು ಅದನ್ನು ನೋಡಿದಳು, ಯಾರದೋ ಕೈಯನ್ನು ನೋಡುವಂತೆ. ತೆಗೆಯಲು ಹೋದಳು. ತೆಗೆಯಲಿಲ್ಲ.

ಕೂತೆ. ನೆಲದ ತಂಪು ಪಾದಕ್ಕೆ ಬಂತು, ಕಣಕಾಲಿಗೆ ಬಂತು, ಅವಸರವಿಲ್ಲದೆ ಮೊಣಕಾಲಿಗೆ ಏರಿ ನಿಂತಿತು. ಇಡೀ ಮನೆ ಒಮ್ಮೆ ನಿಟ್ಟುಸಿರಿಟ್ಟು ಕೆಳಗಿಳಿಯಿತು. ಅಟ್ಟದಿಂದ ಧೂಳು ಸುರಿಯಿತು, ಅಡುಗೆಮನೆಯಲ್ಲಿ ಪಾತ್ರೆಗಳು ಒಂದಕ್ಕೊಂದು ತಾಗಿದವು, ಮೇಲೆ ಗುಂಡು ಕುರ್ಚಿಗೆ ಬಡಿದು ಸುಮ್ಮನಾಯಿತು. ಹೊರಗೆ ಜನ ಸೇರಿದ್ದರು. "ಕೂತಿತು!" ಎಂದು ಯೋಬಪ್ಪ ರಸ್ತೆಗೆಲ್ಲ ಕೇಳುವಂತೆ ಕೂಗಿದರು. "ತಬಿತಮ್ಮನ ಮನೆಯಲ್ಲಿ ಕೂತಿತು!" ಯಾರೋ ದೇವರಿಗೆ ಸ್ತೋತ್ರ ಅಂದರು. ಚಿಕ್ಕಪ್ಪ ಅಳುತ್ತಿರುವುದು ಕೇಳಿಸಿತು.

ನಾನು ಕೂತಲ್ಲಿಂದಲೂ ಕನ್ನಡಿ ಕಾಣಿಸುತ್ತಿತ್ತು. ಅದರಲ್ಲಿ ತಿರುವು ಇತ್ತು, ತಿರುವಿನಲ್ಲಿ ಒಂದು ಕಪ್ಪು ಕೊಡೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಇರಲಿಲ್ಲ. ಅಜ್ಜಿ ಅತ್ತು ಅತ್ತು ನಿದ್ದೆ ಹೋದಳು. ಆ ವರ್ಷವೆಲ್ಲ ಅವಳು ಹಾಗೆ ಬಾಯಿ ತೆರೆದು, ಗೊರಕೆ ಹೊಡೆದು ಮಲಗಿರಲಿಲ್ಲ. ಅವಳ ಕೈ ನನ್ನ ಭುಜದ ಮೇಲೆಯೇ ಉಳಿಯಿತು. ಅದರಲ್ಲಿ ಭಾರವೆಂಬುದೇ ಇರಲಿಲ್ಲ.